ವೀಣೆಗೆ ಬಿಟ್ಟ ಜಾಗ

ಗೇಟಿನ ಚಿಲಕ ಸದ್ದಾಗುವುದನ್ನೇ ಕಾಯುತ್ತಿದ್ದ ಚೂಡಾಮಣಿ ಕಳ್ಳಿಯ ಹಾಗೆ ಮಗಳ ಕೋಣೆಗೆ ನುಗ್ಗಿದಳು. ಗಂಡ ಶಾಮಣ್ಣ ಜಯನಗರದ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಬರುವುದರೊಳಗೆ ಕಂಪ್ಯೂಟರಿನಲ್ಲಿ ಅವರು ಕೆಡಿಸಿಟ್ಟಿದ್ದ ಹಾಡನ್ನು ಸರಿಪಡಿಸಬೇಕಿತ್ತು.

ಕೆಡಿಸಿಯೇ ಇದ್ದರು. ನಿನ್ನೆಯಂತೆ ಇವತ್ತೂ ಇಂಚರಳ ದನಿ ತಂಬೂರಿ, ಮೃದಂಗಗಳ ಅಡಿಯಲ್ಲಿ ಹೂತುಹೋಗಿತ್ತು.

ಇಂಚರ ಒಬ್ಬಳೇ ಮಗಳು. ಅಮ್ಮನ ಜೊತೆ ಮನೆಯಲ್ಲೇ ಒಂದು ಹಾಡು ರೆಕಾರ್ಡ್ ಮಾಡಬೇಕೆಂದು ಅವಳಿಗೆ ಆಸೆ. ಒಂದು ಸಾಲು ಅವಳದು, ಮರುಸಾಲು ಅಮ್ಮನದು. ತನ್ನ ಸಾಲುಗಳನ್ನು ಹಾಡಿ ಮುಗಿಸಿ ಕರೆದಾಗ ಚೂಡಾಮಣಿ, "ಗಂಟಲು ಸರಿಯಿಲ್ಲ ಕಣೆ, ನಾಳೆ ಹಾಡ್ತೀನಿ" ಅಂದಿದ್ದಳು. ಮರುದಿನ ಬನಶಂಕರಿಯ ಹತ್ತಿರ ಲಾರಿಯೊಂದು ಇಂಚರಳ ಸ್ಕೂಟರಿಗೆ ಗುದ್ದಿತು. ಆಮೇಲೆ ಚೂಡಾಮಣಿ ದೇವರ ಮುಂದೆಯೂ ಹಾಡಲಿಲ್ಲ. ಪಾಠಕ್ಕೆ ಬರುತ್ತಿದ್ದ ಮಕ್ಕಳನ್ನೂ ಬಿಡಿಸಿದಳು.

ವರ್ಷದ ತಿಥಿಯ ದಿನ ಆ ಹಾಡನ್ನು ಎಲ್ಲರಿಗೂ ಕೇಳಿಸಬೇಕೆಂದು ಶಾಮಣ್ಣ ಹಟ ಹಿಡಿದು, ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕಲಿತರು. ನಿನ್ನ ಸಾಲುಗಳನ್ನು ಹಾಡಿಬಿಡು ಎಂದು ಒಮ್ಮೆ ಕೇಳಿದರು. ಅವಳು ಎದ್ದು ಒಳಗೆ ಹೋದಳು.

"ಹೋಗ್ಲಿ ಬಿಡು. ಆ ಜಾಗಕ್ಕೆ ವೀಣೆ ಹಾಕಿಸ್ತೀನಿ," ಅಂದರು. ಮತ್ತೆ ಆ ಮಾತೆತ್ತಲಿಲ್ಲ.

ಕೆಲಸಕ್ಕೊಂದು ಪದ್ಧತಿ ಮಾಡಿಕೊಂಡರು. ಒಂದೇ ಸಮನೆ ಕೇಳಿದರೆ ಕಿವಿ ಮೋಸ ಮಾಡುತ್ತದಂತೆ; ನಡುವೆ ವಿಶ್ರಾಂತಿ ಕೊಟ್ಟು, ಬಂದು ಹೊಸದಾಗಿ ಕೇಳಬೇಕಂತೆ. ಅದಕ್ಕೇ ಈ ವಾಕಿಂಗ್. ಸ್ಪೀಕರ್ ಕೆಟ್ಟಿದೆ ಅಂದವರು ರಿಪೇರಿಗೂ ಕೊಡಲಿಲ್ಲ. ಹೊರಡುವಾಗ ಫ್ಯಾನ್ ಆರಿಸಿ ಕಿಟಕಿ ಮುಚ್ಚುವುದು ನೆನಪಿರುತ್ತಿತ್ತು, ಫೋನ್ ಮಾತ್ರ ಕಂಪ್ಯೂಟರ್ ಪಕ್ಕದಲ್ಲಿ ಬೋರಲಾಗಿ ಬಿದ್ದಿರುತ್ತಿತ್ತು. ಮರೆವು ಶುರುವಾಯಿತು, ಕಿವಿಯೂ ಮಂದವಾಯಿತು ಎಂದು ಚೂಡಾಮಣಿ ಅಂದುಕೊಂಡಳು. ನಿಮಗೆ ಮಗಳ ದನಿಯೇ ಕೇಳಿಸುತ್ತಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಹೇಳದೆ ತಾನೇ ಸರಿಮಾಡುತ್ತಿದ್ದಳು.

ಹೆಡ್‌ಫೋನ್ ಹಾಕಿಕೊಂಡರೆ ಲೋಕವೇ ಕೇಳದು. ಕಣ್ಣು ಮುಚ್ಚಿ ಹಾಡನ್ನು ಮತ್ತೆ ಮತ್ತೆ ಕೇಳುತ್ತ ಇಂಚರಳ ದನಿಯನ್ನು ಕೂದಲೆಳೆಯಷ್ಟು ಏರಿಸುವಳು. ಖಾಲಿ ಸಾಲುಗಳು ಬಂದಾಗ ಎದೆ ಒತ್ತಿ ಬರುತ್ತಿತ್ತು. ಏಳುವ ಹೊತ್ತಿಗೆ ಗಂಟಲೊಣಗಿ ಚೊಂಬು ನೀರು ಬೇಕಾಗುತ್ತಿತ್ತು. ಅತ್ತಿದ್ದಕ್ಕೆ ಅಂದುಕೊಳ್ಳುವಳು.

ಶಾಮಣ್ಣ ವಾಪಸು ಬಂದು ಕೇಳಿ, ಇವತ್ತು ಕಿವಿ ಚುರುಕಾಗಿದೆ, ಇನ್ನೊಂದೆರಡು ಕಡೆ ಬಾಕಿ ಅನ್ನುವರು. ಕೊನೆಗೊಂದು ದಿನ ಹಾಡು ಮುಗಿಯಿತು ಅಂದರು.

"ವೀಣೆಯವರು ಸಿಕ್ಕಿದ್ರೇನ್ರೀ?"

"ಸಿಕ್ಕಿದ್ರು ಚೂಡಾ. ಬಲವಂತ ಮಾಡ್ಬಾರ್ದು, ಅಷ್ಟೇ."

ತಿಥಿಯ ಊಟ ಮುಗಿಸಿ ನೆಂಟರೆಲ್ಲ ಹಾಲಿನಲ್ಲಿ ಕೂತರು. ಕೆಟ್ಟಿದೆ ಎಂದಿದ್ದ ಸ್ಪೀಕರಿನಲ್ಲೇ ಹಾಡು ಶುರುವಾಯಿತು. ಶಾಮಣ್ಣ ಫೋನನ್ನು ಎಂದಿನಂತೆ ಬೋರಲಾಗಿಟ್ಟು ತಲೆ ತಗ್ಗಿಸಿದರು. ಇಂಚರಳ ಮೊದಲ ಸಾಲು ಮುಗಿಯಿತು. ಚೂಡಾಮಣಿ ಸೆರಗನ್ನು ಬಾಯಿಗೊತ್ತಿಕೊಂಡು ವೀಣೆಗಾಗಿ ಕಾದಳು.

ಮರುಸಾಲು ಹಾಡಿದ್ದು ಅವಳೇ: ಮಗಳ ಕೋಣೆಯಲ್ಲಿ, ಬೋರಲಾಗಿ ಬಿದ್ದ ಫೋನಿನ ಪಕ್ಕ, ಕಣ್ಣು ಮುಚ್ಚಿಕೊಂಡು, ತನಗೇ ಕೇಳಿಸದ ಹಾಗೆ.