ಕೆನೆಬಣ್ಣದ ನಾಲ್ಕು ಮರಿಗಳು

ಶೋಭಿತಾ ಮಾತು ಮುಗಿಸಿ ಕುಳಿತಾಗ ಸಭೆಯ ಅರ್ಧಕ್ಕಿಂತ ಹೆಚ್ಚು ಮಂದಿ ಚಪ್ಪಾಳೆ ತಟ್ಟಿದರು. ಬೆರಕೆ ತಳಿಯ ನಾಯಿಗಳನ್ನೂ ಹಾಸನದ ಶ್ವಾನಪ್ರಿಯರ ಸಂಘ ತನ್ನ ರಿಜಿಸ್ಟರಿಗೆ ಸೇರಿಸಿಕೊಳ್ಳಬೇಕು ಎಂಬ ಅರ್ಜಿಯನ್ನು ಬರೆದುಕೊಟ್ಟವಳು ಅವಳೇ. ಕಟ್ಟಾಯದ ದೇವಯ್ಯನ ಮಗಳು, ಆ ಊರಿನಿಂದ ಬಂದ ಮೊದಲ ಪಶುವೈದ್ಯೆ. "ರಕ್ತ ಶುದ್ಧ, ಕುಲ ಶುದ್ಧ ಅನ್ನೋದು ನಾಯಿ ವಿಷಯದಲ್ಲಾದರೂ ಬೇಡ" ಎನ್ನುವಾಗ ಅವಳ ದನಿ ಸ್ವಲ್ಪ ನಡುಗಿತ್ತು. ಮುಂದಿನ ಸಾಲಿನಲ್ಲಿ ಒಂದಿಬ್ಬರು ನೆಲ ನೋಡಿದ್ದರು.

ಮೇಜಿನ ಮೇಲಿನ ಬೆತ್ತದ ಬುಟ್ಟಿಯಲ್ಲಿ ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆಹೋಗಿದ್ದವು. ತಾಯಿ ಲ್ಯಾಬ್ರಡಾರ್, ತಂದೆ ಪೂಡಲ್. ಗುಂಗುರು ಕೂದಲು, ನಾಲ್ಕಕ್ಕೂ ಹಾಲಿನ ಕೆನೆಯ ಬಣ್ಣ. ಚನ್ನರಾಯಪಟ್ಟಣದ ದಿಲೀಪ್ ತನ್ನ ಮನೆಯಲ್ಲಿ ಹುಟ್ಟಿದ ಈ ಮರಿಗಳನ್ನು ಸಭೆಗೆ ತೋರಿಸಲೆಂದೇ ತಂದಿದ್ದ. ಸಂಘ ಒಪ್ಪಿದರೆ ಹೊಸ ತಳಿಯ ಪುಟದಲ್ಲಿ ಇವುಗಳದೇ ಮೊದಲ ಹೆಸರು.

ಅಷ್ಟರಲ್ಲಿ ದಿಲೀಪನ ತಂದೆ ಚನ್ನಪ್ಪ ಎದ್ದು ನಿಂತರು. ಮೂವತ್ತು ವರ್ಷ ಜರ್ಮನ್ ಶೆಫರ್ಡ್ ಸಾಕಿದವರು. ಗೋಡೆಯ ಕಪಾಟಿನಲ್ಲಿದ್ದ ಟ್ರೋಫಿಗಳಲ್ಲಿ ಅರ್ಧ ಅವರ ನಾಯಿಗಳೇ ಗೆದ್ದು ತಂದವು. ಜಾತಿ ನಾಯಿ ಅಂದರೆ ಚನ್ನಪ್ಪನ ಮನೆಯದು ಎಂದು ಅರಕಲಗೂಡಿನವರೆಗೂ ಹೇಳುತ್ತಿದ್ದರು. ಅವರು ಈ ಅರ್ಜಿಯನ್ನು ಒಪ್ಪುವವರಲ್ಲ ಎಂಬುದು ಸಭೆಗೆಲ್ಲ ಗೊತ್ತಿತ್ತು. ಶುದ್ಧ ತಳಿಯ ಭಾಷಣಕ್ಕೆ ಕೊಡಬೇಕಾದ ಉತ್ತರವನ್ನು ಶೋಭಿತಾ ಮನಸ್ಸಿನಲ್ಲೇ ಜೋಡಿಸಿಕೊಂಡಳು.

"ಸೇರಿಸ್ಬೇಡಿ," ಎಂದರು ಚನ್ನಪ್ಪ. "ಡಾಕ್ಟ್ರಮ್ಮ ಯೋಳಿದ್ದು ನಿಜ. ಬೆರಕೆ ನಾಯೀಲಿ ಏನೂ ಕೆಡುಕಿಲ್ಲ. ಕೆಡುಕಿರೋದು ರಿಜಿಸ್ಟರಲ್ಲಿ."

ಹಿಂದೆ ಯಾರೋ ನಕ್ಕರು. ಚನ್ನಪ್ಪ ನಗಲಿಲ್ಲ.

"ಜರ್ಮನ್ ಶೆಫರ್ಡ್ ಬೆಳ್ಳಗಿರಂಗಿಲ್ಲ ಅಂತ ರೂಲು ಬರ್ದವ್ರೆ. ನಮ್ಮನೇಲಿ ಸೂಲಿಗೆ ಒಂದೋ ಎಲ್ಡೋ ಬೆಳ್ಳಗೇ ಉಟ್ತಿದ್ವು. ಯಾರ್ಗಾರ ಕೊಟ್ರೆ, ಚನ್ನಪ್ಪನ ಮನೆ ತಳಿ ಕೆಟ್ಟೋಗದೆ ಅಂತ ಊರೆಲ್ಲ ಆಡ್ಕತಾರೆ. ಅದುಕ್ಕೆ ಕಣ್ಣು ಬುಡಾಕೆ ಮುಂಚೇನೇ, ಈ ಕೈಯಲ್ಲೇ, ನೀರಿನ ಬಕೀಟಿಗೆ ಆಕ್ಬುಡ್ತಿದ್ದೆ. ಮೂವತ್ತು ವರ್ಸ. ಆ ಟ್ರೋಫಿಗಳೆಲ್ಲ ಅಂಗೆ ಬಂದಿರದು."

"ಅಪ್ಪಾ, ಸಾಕು, ಕೂತ್ಕ," ಎಂದು ದಿಲೀಪ್ ಹಲ್ಲು ಕಚ್ಚಿದ.

ಶೋಭಿತಾಳ ಕಣ್ಣು ಬುಟ್ಟಿಯ ಕಡೆ ಹೋಯಿತು. ಈಯುವುದಕ್ಕೆ ಒಂದು ವಾರ ಮುಂಚೆ ತಾಯಿ ನಾಯಿಯ ಎಕ್ಸ್‌ರೇ ತೆಗೆದವಳು ಅವಳೇ. ಹೊಟ್ಟೆಯೊಳಗಿನ ಪುಟ್ಟ ಪುಟ್ಟ ಬುರುಡೆಗಳನ್ನು ಎರಡು ಸಲ ಎಣಿಸಿ, ಏಳಿವೆ ಎಂದು ದಿಲೀಪನಿಗೆ ಹೇಳಿದ್ದಳು. ನಾಲ್ಕೇ ಬಂದಾಗ, ಮಿಕ್ಕವು ಸತ್ತು ಹುಟ್ಟಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

"ದಿಲೀಪ್, ಇನ್ನು ಮೂರು ಮರಿ ಏನಾದವು?"

"ಕರಿವು ಬಂದ್ವು, ಡಾಕ್ಟ್ರೇ."

"ಬಂದು?"

ದಿಲೀಪ್ ಅರ್ಜಿಯ ಹಾಳೆಯನ್ನು ಅವಳ ಮುಂದೆ ಸರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ತಪ್ಪು ಮಾಡಿದವನ ಮುಖ ಅದಲ್ಲ, ಹೇಳಿದ ಕೆಲಸ ಮಾಡಿ ಮುಗಿಸಿದವನ ಮುಖ. "ನೀವೇ ಬರ್ದಿರದಲ್ವ," ಎಂದ. "ಬಣ್ಣ, ಕೆನೆ ಮಾತ್ರ."

ಅವಳದೇ ಅಕ್ಷರ. ಹೊಸ ತಳಿ ಅಂದ ಮೇಲೆ ಲಕ್ಷಣಗಳ ಪಟ್ಟಿ ಬೇಕು ಎಂದು ಕಾರ್ಯದರ್ಶಿ ಪರಮೇಶ್ ಕೇಳಿದ್ದಕ್ಕೆ, ಮರಿಗಳು ಹುಟ್ಟುವ ಮುಂಚೆಯೇ ಕ್ಲಿನಿಕ್ಕಿನಲ್ಲಿ ಒಂದು ಲೋಟ ಟೀ ಆರುವಷ್ಟರಲ್ಲಿ ಬರೆದುಕೊಟ್ಟಿದ್ದಳು. ಎತ್ತರ, ಕಿವಿ, ಕೂದಲು. ಬಣ್ಣದ ಸಾಲಿಗೆ ಬಂದಾಗ ದಿಲೀಪ್ ಫೋನಿನಲ್ಲಿ ತೋರಿಸಿದ್ದ ಯಾವುದೋ ವಿದೇಶದ ಇಂಥದೇ ಬೆರಕೆ ನಾಯಿಯ ಫೋಟೊ ನೆನಪಾಗಿ ಕೆನೆ ಎಂದು ಬರೆದಿದ್ದಳು. 'ಮಾತ್ರ' ಎಂಬುದು ಯೋಚನೆಯೇ ಇಲ್ಲದೆ ಪೆನ್ನಿನಿಂದ ಇಳಿದಿತ್ತು. ಇಷ್ಟು ಹೊತ್ತು ತಾನು ಆಡಿದ್ದ ಒಳ್ಳೊಳ್ಳೆಯ ಮಾತುಗಳು ಬಾಯಲ್ಲಿ ಕಹಿಯಾಗಿ ಉಳಿದವು.

ಮತಕ್ಕೆ ಹಾಕೋಣವೇ ಎಂದು ಪರಮೇಶ್ ಅಳುಕುತ್ತಲೇ ಕೇಳಿದರು. ಶೋಭಿತಾ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಅರ್ಜಿ ವಾಪಸ್ ತಗೋತಿದೀನಿ," ಎಂದದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದರು. ಅವಳು ತಿರುಗಿ ನೋಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ, ಆಗಲೇ ಸಭೆಯಿಂದ ಎದ್ದು ಬಂದಿದ್ದ ಚನ್ನಪ್ಪ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಕೂತಿದ್ದರು. ಇನ್ನೊಂದು ಅಲ್ಲೇ ಪಕ್ಕದಲ್ಲಿತ್ತು. ಶೋಭಿತಾ ಅವರನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು ತಡೆಯಲಾರದೆ ಹಿಂದಕ್ಕೆ ಬಂದಳು.

"ಮಾಡಿದ್ದು ಮಾಡಿದ್ರಿ. ಅದನ್ನ ಮಗನಿಗೂ ಯಾಕೆ ಹೇಳಿಕೊಟ್ರಿ ಸಾರ್?"

ಚನ್ನಪ್ಪ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು.

"ನಾನು ಯೋಳ್ಕೊಟ್ಟಿರ್ಲಿಲ್ಲ ಕಣವ್ವ," ಎಂದರು. "ಬಚ್ಚಲ ಬಾಗ್ಲು ಆಕ್ಕಂಡೇ ಮಾಡ್ತಿದ್ದೆ. ಆ ಬಾಗ್ಲಲ್ಲಿ ಒಂದು ಸಂದಿತ್ತು."