ಪ್ರೀತಿಯಿಂದ ಆಡಿದ ಮಾತು

"ಒಳಗೆ ಎಲ್ಲಾ ಪ್ರೀತಿಯಿಂದ ನಡೀಬೇಕು ನೋಡಿ," ಎನ್ನುತ್ತ ರೇಡಿಯೋ ಕೇಂದ್ರದ ಮ್ಯಾನೇಜರ್ ಮಾರಿಬೆಲ್ ಸ್ಟುಡಿಯೋದ ಬಾಗಿಲು ತೆರೆದಳು. "ಎಫ್ರೇನ್ ಅವರು ಕ್ಷಮೆ ಕೇಳ್ತಾರೆ, ನೀವು ಕ್ಷಮಿಸ್ತೀರಿ, ಕೈ ಕುಲುಕ್ತೀರಿ, ಒಂದು ಫೋಟೋ. ಅಷ್ಟೇ."

ಯಾದಿರಾ ಕೊರೊಸೊ ಒಳಗೆ ಹೋಗಿ ಕುಳಿತಳು. ಹಿಂದಿನ ಭಾನುವಾರದ ಫುಟ್‌ಬಾಲ್ ಪಂದ್ಯದಲ್ಲಿ ಅವಳು ಗೆರೆಯ ಬಳಿ ಓಡುವ ರೆಫರಿಯಾಗಿದ್ದಳು. ನಮ್ಮೂರು ಗ್ವಾಯಾಕಿಲ್‌ನ ತಂಡ ಹೊಡೆದ ಗೋಲು ಆಫ್‌ಸೈಡ್, ಲೆಕ್ಕಕ್ಕಿಲ್ಲ ಎಂದು ಬಾವುಟ ಎತ್ತಿದ್ದಳು. ಎತ್ತಿದ್ದು ಸರಿಯೇ ಎಂದು ಆಮೇಲೆ ಟಿವಿಯಲ್ಲಿ ಊರೆಲ್ಲ ನೋಡಿತು. ಅಷ್ಟರಲ್ಲಿ ರೇಡಿಯೋದಲ್ಲಿ ಪಂದ್ಯ ವಿವರಿಸುತ್ತಿದ್ದ ಎಫ್ರೇನ್ ಬುಸ್ತಮಾಂತೆ ಮೈಕಿಗೆ ಬಾಯಿಟ್ಟು ಕೂಗಿಯಾಗಿತ್ತು: "ಈ ಸೀದುಹೋದ ಬಾಳೆಕಾಯಿ ಕೈಗೆ ಬಾವುಟ ಕೊಟ್ಟೋರು ಯಾರ್ರೀ? ವಾಪಸ್ ಒಲೆ ಹತ್ರ ಕಳ್ಸಿ ಅದನ್ನ!"

ಯಾದಿರಾಳಂಥ, ಎಸ್ಮೆರಾಲ್ಡಾಸ್ ಕಡೆಯ ಕಪ್ಪು ಜನರ ಮೇಲೆ ಇಂಥ ಮಾತು ಅವನಿಗೆ ಹೊಸದಲ್ಲ. ಅದನ್ನು ಕೇಳಿ ನಕ್ಕು ನಕ್ಕು ನಮ್ಮೂರೇ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿತ್ತು. ಈ ಸಲ ಯಾರೋ ಆ ತುಣುಕನ್ನು ಮೊಬೈಲಿನಲ್ಲಿ ದೇಶಕ್ಕೆಲ್ಲ ಹಂಚಿದರು. ಜಾಹೀರಾತು ಕೊಡುವ ಕಂಪನಿಗೆ ದಿಗಿಲು ಹತ್ತಿತು, ಮಾರಿಬೆಲ್‌ಗೆ ಮಾನವೀಯತೆ ನೆನಪಾಯಿತು.

ನೇರ ಪ್ರಸಾರದ ಕೆಂಪು ದೀಪ ಹತ್ತಿತು. "ನಮ್ಮ ಜೊತೆ ಇವತ್ತು ಆಫ್ರಿಕಾ... ಆಫ್ರಿಕಾ ಮೂಲದ ಸೋದರಿ ಇದ್ದಾರೆ," ಎಂದ ಎಫ್ರೇನ್. ಮಾರಿಬೆಲ್ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಸಿದ್ದ ಆ ಪದ ಅವನ ಬಾಯಲ್ಲಿ ಕಹಿ ಔಷಧಿಯ ಹೆಸರಿನಂತೆ ಹೊರಬಂತು.

"ನನ್ನ ಹೆಸರು ಯಾದಿರಾ," ಎಂದಳು ಅವಳು.

"ಯಾದಿರಾ! ಯಾರ ಮನಸ್ಸಿಗಾದ್ರೂ ನೋವಾಗಿದ್ರೆ ಕ್ಷಮೆ ಇರಲಿ. ನನ್ನನ್ನ ಎತ್ತಿ ಆಡಿಸಿದ ಆಯಾ ಕೂಡ ನಿಮ್ಮ ಜನದವಳೇ, ತಾಯಿ. ನಾನು ಆಡಿದ್ದು ತಮಾಷೆಗೆ, ಪ್ರೀತಿಯಿಂದ. ಈಗಿನ ಕಾಲದಲ್ಲಿ ಬಾಯಿ ತೆಗೆಯೋ ಹಾಗೇ ಇಲ್ಲ!" ದಿನಕ್ಕೆ ನಾಲ್ಕು ಗಂಟೆ ಮೈಕಿನ ಮುಂದೆ ಬಾಯಿ ತೆಗೆದೇ ಕೂರುವವನು ಹೀಗೆ ನಿಟ್ಟುಸಿರುಬಿಟ್ಟ.

ಶ್ರೀಮಂತರ ಉರ್ದೇಸಾ ಬಡಾವಣೆಯಿಂದ ಒಬ್ಬ ಹೆಂಗಸು ಫೋನು ಮಾಡಿದಳು. "ಎಫ್ರೇನ್ ಅವರೇ, ನೀವು ತಲೆ ತಗ್ಗಿಸಬೇಡಿ. ನಮ್ಮನೆ ನಾಯಿಗೆ ಕರಿಯ ಅಂತಾನೇ ಹೆಸರು. ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡ್ತೀವಿ. ಅದೇನು ಬೇಜಾರು ಮಾಡ್ಕೊಂಡಿದ್ಯಾ?" ಎಫ್ರೇನ್‌ಗೆ ನಗು ಉಕ್ಕಿ ಬಂತು, ಗಾಜಿನಾಚೆ ನಿಂತ ಮಾರಿಬೆಲ್‌ಳ ಮುಖ ನೋಡಿ ಅದನ್ನು ಕೆಮ್ಮಾಗಿಸಿಕೊಂಡ. ಆಮೇಲೆ ಮೇಜಿನಾಚೆಯಿಂದ ಕೈ ಚಾಚಿದ. "ಏನಮ್ಮಾ, ಕ್ಷಮಿಸಿದ್ರಿ ತಾನೆ?"

ಯಾದಿರಾ ಆ ಕೈಯನ್ನು ಮುಟ್ಟಲಿಲ್ಲ. "ನೀವು ಏನಂದ್ರಿ ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಆವತ್ತು ನಾನು ಮೈದಾನದಲ್ಲಿದ್ದೆ. ಮೊಬೈಲಿಗೆ ಬಂದಿದ್ದನ್ನ ತೆರೆದು ಕೇಳಿಲ್ಲ. ನಮ್ಮಮ್ಮ ಕೇಳಿದಾಳೆ. ನಾನಿರೋ ಪಂದ್ಯ ಅಂದ್ರೆ ರೇಡಿಯೋ ಬಿಟ್ಟು ಏಳಲ್ಲ ಅವಳು. ಏನಂದ್ರು ಹೇಳಮ್ಮ ಅಂದ್ರೆ ಕೈ ಬಾಯಿಗೆ ಒತ್ಕೊಂಡು ಒಳಗೆ ಹೋಗ್ತಾಳೆ. ನೀವೇ ಹೇಳಿ. ಕೇಳಿ ಆಮೇಲೆ ಕ್ಷಮಿಸ್ತೀನಿ."

"ಅಯ್ಯೋ, ಆಗಿದ್ದು ಆಗೋಯ್ತು, ಬಿಡಿ."

"ಪ್ರೀತಿಯಿಂದ ಆಡಿದ ಮಾತಲ್ವಾ? ಇನ್ನೊಂದು ಸಲ ಆಡಿ."

"ಈಗ ಹೇಗಮ್ಮಾ ಆಡೋದು?" ಎಫ್ರೇನ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ದನಿ ನಿಜಕ್ಕೂ ದೀನವಾಗಿತ್ತು. "ನೀವು ಎದುರಿಗೇ ಕೂತಿದೀರಲ್ಲ!"

ಅಂದುಬಿಟ್ಟ ಮೇಲೆ ತಾನು ಏನಂದೆ ಎಂಬುದು ಅವನಿಗೂ ಕೇಳಿಸಿತು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಟ್ಯಾಕ್ಸಿಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಮೀನಿನ ಸಾರು ಮಾರುವ ತಳ್ಳುಗಾಡಿಗಳ ಪಕ್ಕದಲ್ಲಿ ನಮ್ಮೂರು ಮೊದಲ ಬಾರಿಗೆ ಎಫ್ರೇನ್ ಬುಸ್ತಮಾಂತೆಯ ಮೌನವನ್ನು ಕೇಳಿತು. ಮಾರಿಬೆಲ್ ಓಡಿಬಂದು ಹಾಡು ಹಾಕಿಸಿದಳು.

ಹಾಡು ಮುಗಿಯುವ ಮೊದಲೇ ಫೋನುಗಳು ಬಡಿದುಕೊಳ್ಳತೊಡಗಿದವು. ವಯಸ್ಸಾದ ಮನುಷ್ಯನನ್ನು ಹೀಗೆ ಹಿಂಸೆ ಮಾಡಬಹುದೇ, ಎಂಥ ಸೊಕ್ಕು ಅವಳಿಗೆ, ಕ್ಷಮಿಸುವಷ್ಟು ದೊಡ್ಡ ಮನಸ್ಸು ಇವರಿಗೆಲ್ಲಿ ಬರಬೇಕು ಎಂದು ಜನ ಕೇಳಿದರು. ಏನು ಹೇಳಿ ಅವನು ಕ್ಷಮೆ ಕೇಳುವಂತಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಯಾದಿರಾ ಹೊರಬಾಗಿಲು ದಾಟುವಾಗ ಮಾರಿಬೆಲ್ ಏದುಸಿರು ಬಿಡುತ್ತ ಬಂದು ರಿಬ್ಬನ್ ಕಟ್ಟಿದ ದೊಡ್ಡ ಬುಟ್ಟಿಯನ್ನು ಅವಳ ಮುಂದೆ ಹಿಡಿದಳು. "ತಪ್ಪು ತಿಳ್ಕೋಬೇಡಿ ಯಾದಿರಾ. ಕ್ಷಮೆ ಕೇಳಲೇಬೇಕು ಅಂತ ಹಟ ಹಿಡಿದಿದ್ದೇ ಜಾಹೀರಾತು ಕೊಡೋ ಕಂಪನಿಯವರು. ಇದು ಅವರ ಕಾಣಿಕೆ."

ಬುಟ್ಟಿಯ ನಡುವೆ ಆ ಕಂಪನಿಯ ಕೋಕೋ ಪುಡಿಯ ಡಬ್ಬಿ ಇತ್ತು. ಅದರ ಮೇಲೆ ತಲೆಗೆ ಕೆಂಪು ಬಟ್ಟೆ ಸುತ್ತಿದ ಒಬ್ಬ ಕಪ್ಪು ಹೆಂಗಸು, ಇದ್ದಿಲಿನಂಥ ಮುಖದ ತುಂಬ ದಪ್ಪ ತುಟಿ ಅರಳಿಸಿ, ಕಣ್ಣು ಮೇಲಕ್ಕೆ ಹೊರಳಿಸಿ ನಗುತ್ತಿದ್ದಳು. ಯಾದಿರಾ ನೋಡಿದ್ದನ್ನು ಮಾರಿಬೆಲ್ ನೋಡಿದಳು. ಅವಳ ಕಿವಿ ಕೆಂಪಾಯಿತು. ಬುಟ್ಟಿಯೊಳಗೆ ಕೈ ಹಾಕಿ ಆ ಡಬ್ಬಿಯನ್ನು ಅವಸರವಾಗಿ ಹಿಂದುಮುಂದು ತಿರುಗಿಸಿಟ್ಟಳು.

ಹಿಂಬದಿಯಲ್ಲೂ ಅದೇ ಮುಖವಿತ್ತು.