ಸೆಕೆಂಡ್ ರನ್ನರ್ ಅಪ್

ಶಾಲೆಯ ಗುಮಾಸ್ತರು ಮೂರು ಹಿತ್ತಾಳೆ ಕಪ್‌ಗಳನ್ನೂ ಒಂದು ಚೀಟಿಯನ್ನೂ ಅಕ್ಷರ ಕೊರೆಯುವವನ ಮೇಜಿನ ಮೇಲಿಟ್ಟು, "ಸಂಜೆಯೊಳಗೆ ಹೆಸರು ಕೊರೆದುಬಿಡಿ ಯಜಮಾನ್ರೇ," ಎಂದರು. ದೊಡ್ಡದಕ್ಕೆ ವಿನ್ನರ್, ನಡುವಿನದಕ್ಕೆ ಫಸ್ಟ್ ರನ್ನರ್ ಅಪ್, ಅಂಗೈಯಗಲದ ಪುಟ್ಟದಕ್ಕೆ ಸೆಕೆಂಡ್ ರನ್ನರ್ ಅಪ್. ಕಣ್ಣು ಮುಚ್ಚಿ ಕೊರೆಯಬಲ್ಲ ಪದಗಳು. ಆದರೆ ಚೀಟಿಯ ಮೂರನೆಯ ಸಾಲಿನಲ್ಲಿ ಅವನ ಕಣ್ಣು ಕೀಲಿಸಿ ನಿಂತಿತು. ಅಲ್ಲಿದ್ದದ್ದು ಮಗಳ ಹೆಸರು. ಪಕ್ಕದಲ್ಲಿ ತನ್ನದೇ ಹೆಸರಿನ ಮೊದಲಕ್ಷರ.

"ಕಥೆ ಹೇಳೋ ಸ್ಪರ್ಧೆ ನಾಳೆ ಅಲ್ವಾ ಸಾರ್?"

"ಹೌದು. ನಾಳೆ ಅತಿಥಿಗಳನ್ನ ಕೂರಿಸ್ಕೊಂಡು ಕೊರೆಯೋಕಾಗುತ್ತಾ? ಇದು ಮೇಲಿನವರ ಪಟ್ಟಿ, ನಾನು ಬರೀ ಹೊತ್ತು ತರೋನು. ಮೊದಲನೇದು ಕಪ್ ಕೊಡಿಸಿದವರ ಮೊಮ್ಮಗಳಿಗೆ, ಎರಡನೇದು ಅವಳ ಗೆಳತಿಗೆ." ಗುಮಾಸ್ತರು ದನಿ ತಗ್ಗಿಸಿದರು. "ಈ ಮೂರನೇ ಹುಡುಗಿ ಇದಾಳಲ್ಲ, ಎಲ್ಲರಿಗಿಂತ ಚೆನ್ನಾಗಿ ಹೇಳ್ತಾಳಂತೆ. ಪಾಪ, ಅದಕ್ಕೇ ಸೇರಿಸಿದ್ದಾರೆ."

ಅವಳು ಯಾರ ಮಗಳೆಂದು ಅವನು ಹೇಳಲಿಲ್ಲ. "ಸ್ಪರ್ಧೆ ಮುಗಿದ ಮೇಲೆ ನಾನೇ ಅಲ್ಲಿಗೆ ಬಂದು ಕೊರ್ಕೊಡ್ತೀನಿ ಸಾರ್, ಕೂಲಿ ಬೇಡ," ಎಂದ. ಗುಮಾಸ್ತರು ತಮಾಷೆಯೆಂದುಕೊಂಡು ನಗುತ್ತಲೇ ಮೆಟ್ಟಿಲಿಳಿದರು.

ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಶಾಲೆಯಿಂದ ಬಂದ ಮಗಳು ಮುಖವನ್ನೂ ತೊಳೆಯದೆ ಕಥೆ ಶುರುಮಾಡಿದ್ದಳು. ತನ್ನ ನೆರಳನ್ನು ಕಳೆದುಕೊಂಡು ಅದನ್ನು ಹುಡುಕುತ್ತ ಹೊರಟ ರಾಜಕುಮಾರಿಯ ಕಥೆ. ತೀರಿಹೋದ ಅಜ್ಜಿ ಅದನ್ನು ಹೇಳುತ್ತ ಕೈಯಾಡಿಸಿದರೆ ಬೋಳುಗೋಡೆಯ ಮೇಲೆ ಕಾಡು ಬೆಳೆಯುತ್ತಿತ್ತು. ಈಗ ಮಗಳ ಕೈಗೂ ಬೆಳೆಯುತ್ತದೆ.

"ಅಪ್ಪಾ, ಸೆಕೆಂಡ್ ರನ್ನರ್ ಅಪ್ ಅಂದ್ರೆ ಎರಡನೇದಾ?" ಪರದೆಯಾಚೆಯಿಂದ ಪ್ರಶ್ನೆ ಬಂತು.

ಉಳಿ ಅರೆಗಳಿಗೆ ನಿಂತಿತು. "ಮೂರನೇದಮ್ಮ. ಫಸ್ಟ್ ರನ್ನರ್ ಅಪ್ ಅಂದ್ರೇನೇ ಎರಡನೇದು."

"ಮೂರನೇದು ಅಂತ ನೇರವಾಗಿ ಹೇಳಿದ್ರೆ ಇವರ ಗಂಟೇನು ಹೋಗುತ್ತೆ?"

"ಸೋತೋರಿಗೆ ನೋವಾಗ್ಬಾರ್ದು ಅಂತ ಕಣೇ."

"ಹೋಗಲಿ ಬಿಡು, ನಮಗ್ಯಾಕೆ ಆ ಉಸಾಬರಿ! ನನ್ನ ಹೆಸರು ದೊಡ್ಡ ಕಪ್ ಮೇಲೇ. ನೀನೇ ಕೊರೀಬೇಕು. ಅಕ್ಷರ ಒಂಚೂರು ಸೊಟ್ಟ ಆದ್ರೂ ನೋಡು ಮತ್ತೆ!"

ಅವನು ಪುಟ್ಟ ಕಪ್ಪಿನ ಮೇಲೆ ಉಳಿಯನ್ನು ಮತ್ತೆ ಓಡಿಸಿದ. ಅವಳು ಹುಟ್ಟಿದಾಗಿನಿಂದ ಊರವರ ಮಕ್ಕಳ ಹೆಸರನ್ನೆಲ್ಲ ಕೊರೆದವನು, ಈ ಹೆಸರನ್ನು ಕೊರೆಯುತ್ತಿರುವುದು ಇದೇ ಮೊದಲು. ಒಂದು ಅಕ್ಷರವೂ ಸೊಟ್ಟವಾಗಲಿಲ್ಲ.

ಒಳಗೆ ಕಥೆ ಮುಗಿಯಿತು. "ಕೇಳಿಸ್ಕೊಂಡ್ಯಾ ಅಪ್ಪಾ? ಕೊನೆ ಮೊದಲೇ ಗೊತ್ತಾಗ್ಬಾರ್ದು ಅಂತಿದ್ಲು ಅಜ್ಜಿ. ಗೊತ್ತಾಗ್ಬಿಡ್ತಾ?"

"ಇಲ್ಲಮ್ಮ," ಎಂದ. "ಇನ್ನೊಂದ್ಸಲ ಹೇಳು."

ಪರದೆಯಾಚೆ ರಾಜಕುಮಾರಿ ಮತ್ತೆ ಹೊರಟಳು. ಈಚೆ ಅವನು ಪುಟ್ಟ ಕಪ್ಪನ್ನು ಬೆಳಕಿಗೆ ಹಿಡಿದು, ಮಗಳ ಹೆಸರಿನ ಮೇಲೆ ಕೂತಿದ್ದ ಹಿತ್ತಾಳೆ ಪುಡಿಯನ್ನು ಅವಳಿಗೆ ಕೇಳಿಸದಂತೆ ಮೆಲ್ಲಗೆ ಊದಿದ.